ಅರಗಿನ ಮೆರುಗು

ಕೆಲ ದಿನಗಳ ಹಿಂದೆ ಶ್ರೀಮಠದ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳಾದ ನಾವು ಹತ್ತಾರು ಜನ ಗದಗಿನಲ್ಲಿ ಒಂದೆಡೆ ಸೇರಿದ್ದೆವು. ಎಲ್ಲರೂ ಎಪ್ಪತ್ತರ ಆಸುಪಾಸಿನವರು. ಯಾರು ಯಾರು ನಿವೃತ್ತಿಯ ಕಾಲವನ್ನು ಹೇಗೆ ಕಳೆಯುತ್ತಿರುವರೆಂಬ ಮಾತು ಬಂದಿತು. ಒಬ್ಬರು ದಾಳಿಂಬೆಯ ತೋಟ ಮಾಡಿದ್ದರು. ಇನ್ನೊಬ್ಬರು ಮೊಮ್ಮಗನ ಶಾಲೆಯ ಚೀಲ ಹೊರುವ ನೌಕರಿಯಲ್ಲಿದ್ದರು. ನನ್ನ ಸರದಿ ಬಂದಾಗ, "ಹಳೆಯ ರೇಡಿಯೋಗಳ ಕಟ್ಟಿಗೆಯ ಪೆಟ್ಟಿಗೆಗಳಿಗೆ ಪಾಲೀಶು ಮಾಡುತ್ತಿದ್ದೇನೆ" ಎಂದೆ. ಸಭೆ ನಕ್ಕಿತು. ನಕ್ಕವರೇ ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರಾಗಿ ನನ್ನ ಪಕ್ಕಕ್ಕೆ ಬಂದು, "ನಮ್ಮ ಮನೆಯಲ್ಲಿಯೂ ಒಂದು ಇದ್ದಿತು" ಎಂದು ಆರಂಭಿಸಿದರು. ಇದ್ದುದು ಏನಾಯಿತೆಂದು ಕೇಳಿದರೆ ಒಬ್ಬರಿಂದಲೂ ಸರಿಯಾದ ಉತ್ತರವಿಲ್ಲ. ಆ ಪಂಕ್ತಿಯಲ್ಲಿಯೇ ಗೆಳೆಯರು ಈ ವಿಷಯ ಬರೆದುಕೊಡಬೇಕೆಂದು ಒತ್ತಾಯಿಸಿದರು. ನಾನು ಬರಹಗಾರನಲ್ಲ. ಕೈಗೆ ಹತ್ತಿದ ಅರಗಿನ ವಾಸನೆಯಷ್ಟೇ ನನ್ನ ಅಧಿಕಾರ.

ರೇಡಿಯೋಕ್ಕೂ ನನಗೂ ಇದ್ದ ನಂಟು ಮೊದಲು ಕಾಗದದ ಮೇಲಿನದು. 1975ರಲ್ಲಿ ನಾನು ಟಪಾಲು ಇಲಾಖೆಗೆ ಸೇರಿದೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಬೆಟಗೇರಿ ಹೀಗೆ ಸುತ್ತಿ ಸುತ್ತಿ ಇದೇ ಸೀಮೆಯಲ್ಲಿ ನೌಕರಿ ಮುಗಿಸಿದೆ. ಇಂದಿನ ತರುಣರು ನಂಬಲಿಕ್ಕಿಲ್ಲ. ಆಗ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಸರಕಾರದ ಪರವಾನಿಗೆ ಬೇಕಾಗಿದ್ದಿತು. ಅದನ್ನು ಕೊಡುವುದೂ ವರ್ಷಕ್ಕೊಮ್ಮೆ ನವೀಕರಿಸುವುದೂ ಟಪಾಲು ಕಚೇರಿಯ ಕೆಲಸ. ಜನರು ಚಿಕ್ಕದೊಂದು ಪುಸ್ತಕ ಹಿಡಿದುಕೊಂಡು ಬರುತ್ತಿದ್ದರು. ಹಣ ಕಟ್ಟಿಸಿಕೊಂಡು, ಶುಲ್ಕದ ಚೀಟಿ ಅಂಟಿಸಿ, ಅದರ ಮೇಲೆ ತಾರೀಖಿನ ಮುದ್ರೆ ಒತ್ತಬೇಕು. 1980ರ ದಶಕದ ನಡುವಿನಲ್ಲಿ ಆ ಪದ್ಧತಿ ನಿಂತುಹೋಯಿತು. ಅಲ್ಲಿಯವರೆಗೆ ಯಾವ ಓಣಿಯ ಯಾವ ಮನೆಯಲ್ಲಿ ರೇಡಿಯೋ ಇದೆ, ಯಾರು ವೇಳೆಗೆ ಸರಿಯಾಗಿ ಹಣ ಕಟ್ಟುತ್ತಾರೆ, ಯಾರು ದಂಡಕ್ಕೆ ಅಂಜಿ ಓಡಿಬರುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿದ್ದಿತು. ಆದರೆ ಆ ರೇಡಿಯೋಗಳಲ್ಲಿ ಹೆಚ್ಚಿನವನ್ನು ನಾನು ಕಣ್ಣಿನಿಂದ ಕಂಡಿರಲಿಲ್ಲ. ಮನೆಯವರ ಹೆಸರು, ಪುಸ್ತಕದ ಸಂಖ್ಯೆ ಇವೆರಡರಲ್ಲಿಯೇ ನನಗೆ ಅವುಗಳ ಪರಿಚಯ.

ನಮ್ಮ ಮನೆಯ ರೇಡಿಯೋ ಮಾತ್ರ ಬೇರೆ ಮಾತು. ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ಕನ್ನಡದ ವಾರ್ತೆ, ಕನ್ನಡದ ಹಾಡು, ಮಳೆ ಬೆಳೆಯ ಮಾತು ಇಷ್ಟು ಹತ್ತಿರದಿಂದ ಬರತೊಡಗಿದ ಮೇಲೆ ರೇಡಿಯೋ ಎಂಬುದು ದೊಡ್ಡ ಸಾಹುಕಾರರ ಮಾಳಿಗೆಯಿಂದ ಇಳಿದು ನಮ್ಮಂಥವರ ಪಡಸಾಲೆಗೂ ಬಂದಿತು. ಲಕ್ಷ್ಮೇಶ್ವರದ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ತಂದೆಯವರು 1959ರಲ್ಲಿ ಒಂದು ಮರ್ಫಿ ತಂದರು. ಮನೆಗೆ ಇನ್ನೂ ವಿದ್ಯುತ್ತು ಬಂದಿರಲಿಲ್ಲವಾದ್ದರಿಂದ ಅದು ಬ್ಯಾಟರಿಯ ರೇಡಿಯೋ. ಇಟ್ಟಂಗಿಗಿಂತ ದೊಡ್ಡದಾದ 90 ವೋಲ್ಟಿನ ಒಣ ಬ್ಯಾಟರಿಯನ್ನು ಅದರ ಹಿಂದೆ ಕೂರಿಸುತ್ತಿದ್ದರು. ಬ್ಯಾಟರಿ ತುಟ್ಟಿ; ಹಾಗಾಗಿ ಧ್ವನಿಯೂ ತುಟ್ಟಿ. ಮುಂಜಾನೆ ವಾರ್ತೆ, ಸಂಜೆ ವಾರ್ತೆ, ಧಾರವಾಡದಿಂದ ಮನಸೂರರದೋ ಬಸವರಾಜ ರಾಜಗುರುಗಳದೋ ಗಾಯನವಿದ್ದರೆ ಅದೊಂದು. ಉಳಿದ ವೇಳೆ ಅದರ ಮೇಲೆ ಅವ್ವ ನೇಯ್ದ ಜಾಳಿಗೆಯ ಅರಿವೆ ಮುಚ್ಚಿರುತ್ತಿದ್ದಿತು. 1964ರ ಮೇ 27ರಂದು ನೆಹರೂ ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಪಡಸಾಲೆ ತುಂಬಿ, ಜನ ಕಟ್ಟೆಯ ಮೇಲೆಯೂ ಅಂಗಳದಲ್ಲಿಯೂ ನಿಂತಿದ್ದರು. ಆ ದಿನ ಅಪ್ಪ ಬ್ಯಾಟರಿಯ ಲೆಕ್ಕ ನೋಡಲಿಲ್ಲ.

ಆ ಮೇಲೆ ಟ್ರಾನ್ಸಿಸ್ಟರ್ ಬಂದಿತು, ದೂರದರ್ಶನ ಬಂದಿತು. ಮರ್ಫಿಯು ಅಟ್ಟ ಸೇರಿತು. ಇದು ಎಲ್ಲರ ಮನೆಯ ಕಥೆ, ಇದನ್ನು ಬೆಳೆಸುವುದಿಲ್ಲ.

2013ರಲ್ಲಿ ನಿವೃತ್ತನಾದೆ. ಮರುವರ್ಷ ಗದಗಿನ ಮೋಡಕಾ ಅಂಗಡಿಯೊಂದರ ಮುಂದೆ ಹೋಗುತ್ತಿದ್ದಾಗ, ಹಳೆಯ ಫಿಲಿಪ್ಸ್ ರೇಡಿಯೋದ ಬರಿಯ ಪೆಟ್ಟಿಗೆಯಲ್ಲಿ ಅಂಗಡಿಯವನು ಮೊಳೆ, ನಟ್ಟು, ಬೋಲ್ಟುಗಳನ್ನು ತುಂಬಿಟ್ಟಿದ್ದುದನ್ನು ಕಂಡೆ. ಒಳಗಿನ ಯಂತ್ರವನ್ನು ತಾಮ್ರಕ್ಕಾಗಿ ಎಂದೋ ಕಿತ್ತು ಮಾರಿದ್ದನು. ತಾಮ್ರಕ್ಕೆ ಬೆಲೆಯಿದೆ, ಆ ಕಟ್ಟಿಗೆಗೆ ಇಲ್ಲ. ಇನ್ನೂರು ರೂಪಾಯಿ ಕೊಟ್ಟು ಅದನ್ನು ಹೊತ್ತು ತಂದೆ. ಮನೆಯವರು ಒಂದು ಮಾತೂ ಆಡಲಿಲ್ಲ. ಅವರು ಮಾತಾಡದಿದ್ದಾಗಲೇ ನನಗೆ ಹೆದರಿಕೆ.

ಕೆಲಸ ಕಲಿಸಿದವರು ಶಿರಹಟ್ಟಿಯ ಒಬ್ಬ ಬಡಿಗ ಅಜ್ಜ. ನಾನು ಅಲ್ಲಿ ನೌಕರಿಯಲ್ಲಿದ್ದಾಗಿನಿಂದ ಪರಿಚಿತರು. ತೊಟ್ಟಿಲು, ಬಾಗಿಲ ಚೌಕಟ್ಟು, ದೇವರ ಮಂಟಪ ಮಾಡಿದ ಕೈ. ಆಗಲೇ ಅವರಿಗೆ ಎಪ್ಪತ್ತೈದು ದಾಟಿದ್ದಿತು. ಉಳಿ ಹಿಡಿಯುವುದನ್ನು ಬಿಟ್ಟಿದ್ದರು, ಪಾಲೀಶು ಮಾತ್ರ ಮಾಡುತ್ತಿದ್ದರು. ನಾನು ಪೆಟ್ಟಿಗೆಯನ್ನು ಮುಂದಿಟ್ಟು ಉತ್ಸಾಹದಿಂದ, "ಇದನ್ನೆಲ್ಲ ಕೆರೆದು ಹೊಸದು ಮಾಡಬೇಕು" ಎಂದೆ. ಅವರು ಬಹಳ ಹೊತ್ತು ಅದರ ಮೈ ಸವರಿ ನೋಡಿ, "ಪೋಸ್ಟ್ ಮಾಸ್ತರ್ರ, ಹೊಲಸು ಅಷ್ಟ ತಗೀರಿ. ಬಣ್ಣಾ ತಗೀಬ್ಯಾಡ್ರಿ. ತಗದದ್ದು ತಿರಿಗಿ ಬರಂಗಿಲ್ಲ" ಎಂದರು. ಆ ಮಾತು ನನ್ನ ಕಿವಿಗೆ ಬಿದ್ದಿತೇ ಹೊರತು ಒಳಗಿಳಿಯಲು ಮೂರು ವರ್ಷ ಹಿಡಿಯಿತು.

ವಾಚಕರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಇಂಥದೊಂದು ಇದ್ದರೆ ಉಪಯೋಗವಾದೀತೆಂದು ಕೆಲವು ವಿವರಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ಅಟ್ಟದಿಂದ ಇಳಿಸಿದೊಡನೆ ವಿದ್ಯುತ್ತಿಗೆ ಜೋಡಿಸಿ ನೋಡುವ ಆತುರ ಬೇಡ. ಒಳಗಿನ ಕೆಪ್ಯಾಸಿಟರುಗಳು ದಶಕಗಳಿಂದ ಒಣಗಿರುತ್ತವೆ. ಕೆಲವು ಮಾದರಿಗಳಲ್ಲಿ ತಗಡಿನ ಚಾಸಿಗೇ ನೇರವಾಗಿ ವಿದ್ಯುತ್ತು ಹರಿಯುವುದರಿಂದ ಮುಟ್ಟಿದವರಿಗೆ ಪ್ರಾಣಾಪಾಯ. ಆ ಕೆಲಸ ಬಲ್ಲವರದು, ನನ್ನದು ಪೆಟ್ಟಿಗೆಯಷ್ಟೇ. ಗುಂಡಿಗಳನ್ನು ಕಳಚಿ, ಹಿಂದಿನ ರಟ್ಟು ತೆಗೆದು, ತಳದ ಬೋಲ್ಟುಗಳನ್ನು ಬಿಚ್ಚಿದರೆ ಚಾಸಿಯು ಹಿಂದಕ್ಕೆ ಸರಿದು ಬರುತ್ತದೆ. ಊರುಗಳ ಹೆಸರು ಬರೆದ ಗಾಜನ್ನು ಅರಿವೆಯಲ್ಲಿ ಸುತ್ತಿ ತೆಗೆದಿಡಬೇಕು. ಅದರ ಹಿಂಬದಿಯನ್ನು ಎಂದಿಗೂ ನೀರಿನಿಂದಾಗಲಿ ಸ್ಪಿರಿಟ್ಟಿನಿಂದಾಗಲಿ ಒರೆಸಕೂಡದು. ಅಕ್ಷರಗಳಿರುವುದು ಆ ಬದಿಗೇ. ಒಂದೇ ಸಲದ ಒರೆಸುವಿಕೆಗೆ ಕೊಲಂಬೊ, ದೆಹಲಿ, ಮುಂಬಯಿ ಎಲ್ಲವೂ ಅರಿವೆಗೆ ಹತ್ತಿ ಬರುತ್ತವೆ. ನನ್ನ ಮೊದಲನೆಯ ಗಾಜಿನಲ್ಲಿ ಅರ್ಧ ಏಷ್ಯಾ ಖಂಡ ಹೀಗೆ ಹೋಯಿತು.

ಪೆಟ್ಟಿಗೆಯ ಕಟ್ಟಿಗೆ ನೋಡಲು ಸಾಗುವಾನಿಯ ಇಲ್ಲವೆ ಬೀಟೆಯ ದಪ್ಪ ಹಲಗೆಯಂತೆ ಕಾಣುತ್ತದೆ, ಅದು ಹಾಗಲ್ಲ. ಒಳಗಿರುವುದು ಪ್ಲೈವುಡ್ಡು. ಅದರ ಮೇಲೆ ಒಂದು ಮಿಲಿಮೀಟರಿಗೂ ತೆಳುವಾದ, ಕಾಗದದಂಥ ಕಟ್ಟಿಗೆಯ ಪದರು. ಬಡಿಗರು ಇದಕ್ಕೆ ವಿನಿಯರ್ ಎನ್ನುತ್ತಾರೆ. ನಾವು ಮೆಚ್ಚುವ ಗೆರೆ, ಅಲೆ, ಕಣ್ಣು ಎಲ್ಲವೂ ಆ ಪದರಿನಲ್ಲಿಯೇ ಇರುವುದು. ಅದರ ಮೇಲೆ ಕಾರಖಾನೆಯವರು ಲ್ಯಾಕರನ್ನು ಸಿಂಪಡಿಸುತ್ತಿದ್ದರು. ಅಂಚಿಗೆ ಕಡುಕಂದು, ನಡುವೆ ಜೇನುಬಣ್ಣ ಕಾಣುವ ಪೆಟ್ಟಿಗೆಗಳಿವೆಯಲ್ಲವೆ? ಆ ಬಣ್ಣ ಕಟ್ಟಿಗೆಯದಲ್ಲ, ಲ್ಯಾಕರಿನಲ್ಲಿಯೇ ಬೆರೆಸಿದುದು. ಅದನ್ನು ಕರಗಿಸಿ ತೆಗೆದರೆ ಕಾರಖಾನೆಯ ಚಿತ್ರವೇ ಅಳಿಸಿಹೋಗಿ, ಕೆಳಗೆ ಬಿಳಿಚಿಕೊಂಡ ಕಟ್ಟಿಗೆ ಉಳಿಯುತ್ತದೆ. ಅಜ್ಜ ಹೇಳಿದ್ದು ಇದನ್ನೇ.

ಮೈಮೇಲಿರುವುದು ಅರಗೋ ಲ್ಯಾಕರೋ ಎಂದು ತಿಳಿಯಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಚ್ಚಿ ನೋಡಬೇಕು. ಅರಗು ಕೂಡಲೇ ಜಿಗುಟಾಗುತ್ತದೆ. ಲ್ಯಾಕರ್ ಸ್ಪಿರಿಟ್ಟಿಗೆ ಅಷ್ಟಾಗಿ ಬಗ್ಗುವುದಿಲ್ಲ, ಥಿನ್ನರಿಗೆ ಕರಗುತ್ತದೆ. ಯಾವುದೇ ಇರಲಿ, ಮೊದಲ ಕೆಲಸ ಧೂಳು ಜಾಡಿಸುವುದು. ಎರಡನೆಯದು ಅರಿವೆಯನ್ನು ಸಾಬೂನಿನ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಐವತ್ತು ವರ್ಷದ ಹೊಗೆ, ಎಣ್ಣೆ, ಕೈಬೆವರುಗಳನ್ನು ತೆಗೆಯುವುದು. ಹತ್ತರಲ್ಲಿ ನಾಲ್ಕೈದು ಪೆಟ್ಟಿಗೆಗಳಿಗೆ ಇಷ್ಟೇ ಸಾಕು. ಒಳಗೆ ಅಷ್ಟು ಚೆಲುವಾದ ಬಣ್ಣವಿದ್ದಿತೆಂದು ಮನೆಯವರೇ ಬೆರಗಾಗುತ್ತಾರೆ.

ಪದರು ಎದ್ದಿದ್ದರೆ, ಅದು ಎಲುಬು ಚರ್ಮಗಳನ್ನು ಕುದಿಸಿ ಮಾಡುತ್ತಿದ್ದ ಹಳೆಯ ಅಂಟಾಗಿದ್ದರೆ, ಹಸಿ ಅರಿವೆಯ ಮೇಲೆ ಇಸ್ತ್ರಿ ಹಾಯಿಸಿದಾಗ ಅಂಟು ಮತ್ತೆ ಕರಗಿ ಹಿಡಿದುಕೊಳ್ಳುತ್ತದೆ. ಮೂಲೆ ಮುರಿದು ಹೋಗಿದ್ದರೆ ತುಂಬುವ ಉಪಾಯವೊಂದನ್ನು ಕಿನ್ನಾಳದಿಂದ ಎರವಲು ತಂದೆ. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರು ಕಟ್ಟಿಗೆಯ ಗೊಂಬೆಗಳ ಸಂದುಗಳನ್ನು ಬೆಸೆಯಲು, ಸೆಣಬಿನ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ "ಕಿಟ್ಟ" ಎಂಬ ಮುದ್ದೆಯನ್ನು ಉಪಯೋಗಿಸುತ್ತಾರೆ. ನಾನು ಸೆಣಬಿನ ಬದಲಿಗೆ ಅದೇ ಜಾತಿಯ ಕಟ್ಟಿಗೆಯ ಹೊಟ್ಟನ್ನು ಹಾಕಿದೆ, ಚೆನ್ನಾಗಿ ಹಿಡಿಯಿತು. ಧ್ವನಿವರ್ಧಕದ ಮುಂದಿನ ಅರಿವೆ ಹರಿದುಹೋಗಿದ್ದರೆ ಅದಕ್ಕೂ ದೂರ ಹೋಗಬೇಕಾಗಿಲ್ಲ. ಬೆಟಗೇರಿಯಲ್ಲಿ ಇನ್ನೂ ಮಗ್ಗಗಳಿವೆ. ಒಬ್ಬ ನೇಕಾರರಿಗೆ ಮಾದರಿ ತೋರಿಸಿ, ಜಾಳುಜಾಳಾದ ನೇಯ್ಗೆ ಬೇಕು, ದಟ್ಟವಾದರೆ ಧ್ವನಿ ಒಳಗೇ ಉಳಿಯುತ್ತದೆ ಎಂದೆ. ಅವರು, "ಜೀವನದಾಗ ಎಲ್ಲಾರೂ ಗಟ್ಟಿ ನೇಯಿ ಅಂದ್ರು, ಜಾಳ ನೇಯಿ ಅಂದವರು ನೀವ ಮೊದಲನೇದವರು" ಎಂದು ನಗುತ್ತ ಒಂದು ಗಜ ನೇಯ್ದುಕೊಟ್ಟರು. ಅದರಲ್ಲಿ ಸೀರೆಯ ಸೆರಗಿಗೆ ಇಟ್ಟಿದ್ದ ಹೊಂಬಣ್ಣದ ಒಂದೆಳೆಯನ್ನೂ ಹಾಯಿಸಿದ್ದರು. ಇಂದಿಗೂ ಆ ಗಜದ ತುಂಡುಗಳನ್ನೇ ಬಳಸುತ್ತಿದ್ದೇನೆ.

ಅರಗಿನ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಹೇಳಬೇಕು. ಮುತ್ತುಗ, ಬೋರೆ, ಕುಸುಮ ಮೊದಲಾದ ಗಿಡಗಳ ಎಳೆಯ ಕೊಂಬೆಗಳ ಮೇಲೆ ಒಂದು ಬಗೆಯ ಸಣ್ಣ ಕೀಟ ಗೂಡುಗಟ್ಟಿ ತನ್ನ ಮೈಯಿಂದ ಸ್ರವಿಸುವ ರಾಳವೇ ಅರಗು. ಇದರ ಬೆಳೆ ಹೆಚ್ಚಾಗಿ ಛೋಟಾನಾಗಪುರದ ಕಡೆಗೆ. ರಾಂಚಿಯ ಸಮೀಪದ ನಾಮ್‌ಕುಮಿನಲ್ಲಿ ಅರಗಿನ ಸಂಶೋಧನೆಗಾಗಿಯೇ 1924ರಲ್ಲಿ ಒಂದು ಸಂಸ್ಥೆ ಸ್ಥಾಪಿತವಾಯಿತು. ಈ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಪಾಲೀಶು. ಕಲ್ಲಿನ ಪುಡಿಯೊಡನೆ ಬಿಸಿ ಮಾಡಿ ಒತ್ತಿದರೆ ಗ್ರಾಮೋಫೋನಿನ ತಟ್ಟೆ. ನಿಮಿಷಕ್ಕೆ 78 ಸುತ್ತು ಸುತ್ತುತ್ತಿದ್ದ ಆ ಕರಿಯ ತಟ್ಟೆಗಳೆಲ್ಲ ಮೂಲತಃ ಅರಗೇ. ಗದಗಿನಲ್ಲಿ ಬೆಳೆದ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಅಂಗಡಿಯಲ್ಲಿ ಕೇಳಿ, ಆ ಹಾಡಿನ ಹುಚ್ಚು ಹಿಡಿದು, 1933ರಲ್ಲಿ ಗುರುವನ್ನರಸುತ್ತ ಮನೆ ಬಿಟ್ಟು ಹೋದ ಕಥೆ ನಮ್ಮೂರಿನವರಿಗೆಲ್ಲ ಗೊತ್ತು. ಆ ಹುಡುಗನನ್ನು ಹೊರಡಿಸಿದ ಧ್ವನಿಯು ಕುಳಿತಿದ್ದುದು ಅರಗಿನ ಗೆರೆಗಳಲ್ಲಿ. ಮುಂದೆ ಅದೇ ಭೀಮಸೇನರ ಧ್ವನಿ ಬಂದ ರೇಡಿಯೋ ಪೆಟ್ಟಿಗೆಗಳಿಗೆ ಅಜ್ಜನಂಥವರು ಹಚ್ಚಿದುದೂ ಅರಗೇ. ಪಾಲೀಶಿನ ಅರಿವೆ ಹಿಡಿದು ಕುಳಿತಾಗ ಎಷ್ಟೋ ಸಲ ನನಗೆ ಇದೇ ನೆನಪು.

ಅಜ್ಜನ ಕ್ರಮ ಹೀಗೆ. ಹಾಳೆಹಾಳೆಯಾದ ಅರಗನ್ನು ಒಂದು ಲೀಟರ್ ಸ್ಪಿರಿಟ್ಟಿಗೆ ನೂರೈವತ್ತರಿಂದ ಇನ್ನೂರು ಗ್ರಾಮಿನಷ್ಟು ಹಾಕಿ ರಾತ್ರಿಯಿಡೀ ನೆನೆಯಲು ಬಿಡುವುದು. ಮರುದಿನ ತೆಳುವಾದ ಮಲ್ಲಿನ ಅರಿವೆಯಲ್ಲಿ ಸೋಸುವುದು. ಹತ್ತಿಯ ಉಂಡೆಯನ್ನು ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ, ಅದಕ್ಕೆ ಪಾಲೀಶು ಕುಡಿಸಿ, ಮುಖಕ್ಕೆ ಒಂದೇ ಹನಿ ಅಗಸೆ ಎಣ್ಣೆ ತಗುಲಿಸಿ, ಕಟ್ಟಿಗೆಯ ಮೇಲೆ ಇಂಗ್ಲಿಷಿನ ಎಂಟರ ಅಂಕಿ ಬರೆದಂತೆ ಸುತ್ತಿಸುತ್ತ ಹೋಗುವುದು. ಕೈ ನಿಲ್ಲಕೂಡದು. ನಿಂತಲ್ಲಿ ಉಂಡೆ ಅಂಟಿಕೊಂಡು ಕೆಳಗಿನ ಪದರನ್ನೂ ಕಿತ್ತುಕೊಂಡು ಬರುತ್ತದೆ. ಒಂದು ಸಲಕ್ಕೆ ಏರುವ ಪದರು ಉಸಿರಿನಷ್ಟು ತೆಳುವು. ಒಣಗಿಸಿ ಮತ್ತೆ ಹಚ್ಚಬೇಕು, ಹೀಗೆ ದಿನಗಟ್ಟಲೆ. ಮಳೆಗಾಲದಲ್ಲಿ ಮಾಡಿದರೆ ಗಾಳಿಯ ತೇವ ಸೇರಿಕೊಂಡು ಮೈ ಬೆಳ್ಳಗಾಗುತ್ತದೆ. ಆ ದೃಷ್ಟಿಯಿಂದ ನಮ್ಮ ಒಣಹವೆಯ ಸೀಮೆ ಪಾಲೀಶಿಗೆ ಹೇಳಿ ಮಾಡಿಸಿದಂಥದು. ಮಳೆ ಬಾರದೆಂದು ಕೊರಗುವ ಗದಗಿನವರಿಗೆ ಇದೊಂದು ಸಮಾಧಾನವೆಂದರೆ ರೈತರು ನನ್ನನ್ನು ಬಿಡಲಿಕ್ಕಿಲ್ಲ.

ಈಗಿನ ಅಂಗಡಿಗಳಲ್ಲಿ ಮೆಲಮೈನ್, ಪಿ.ಯು. ಎಂದು ಸಿಂಪಡಿಸುವ ಹೊಳಪು ಒಂದು ದಿನದಲ್ಲಿ ಮುಗಿಯುತ್ತದೆ, ನೀರಿಗೂ ಅಂಜುವುದಿಲ್ಲ. ಊಟದ ಮೇಜಿಗೆ ಅದೇ ಸರಿ. ರೇಡಿಯೋಕ್ಕೆ ಹಚ್ಚಿದರೆ ಮಾತ್ರ ಕಟ್ಟಿಗೆಗೆ ಪ್ಲಾಸ್ಟಿಕ್ಕಿನ ಚೀಲ ತೊಡಿಸಿದಂತೆ ನನ್ನ ಕಣ್ಣಿಗೆ ಕಾಣುತ್ತದೆ. ಮುಂದೆಂದಾದರೂ ದುರಸ್ತಿ ಬಂದರೆ ಅರಗನ್ನು ಅರಗು ಕರಗಿಸಿಕೊಂಡು ಕೂಡಿಕೊಳ್ಳುತ್ತದೆ. ಆ ಹೊಸ ಹೊಳಪನ್ನು ಕೆರೆಯದೆ ಗತಿಯಿಲ್ಲ.

ಇಷ್ಟೆಲ್ಲ ಬಲ್ಲವನಂತೆ ಬರೆದ ಮೇಲೆ ಮುಂಡರಗಿಯ ಸಂಗತಿಯನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು.

2017ರಲ್ಲಿ ಮುಂಡರಗಿಯಿಂದ ಒಬ್ಬ ತರುಣರು ಫೋನು ಮಾಡಿ, ತಮ್ಮ ಅಜ್ಜಿಯ ಬಳಿ ಒಂದು ಬುಷ್ ರೇಡಿಯೋ ಇದೆ, ಅದನ್ನು ಚೆನ್ನಾಗಿ ಮಾಡಿಕೊಡಬೇಕು ಎಂದರು. ಮನೆತನದ ಹೆಸರು ಕೇಳುತ್ತಲೇ ನೆನಪಾಯಿತು. 1980ರ ಸುಮಾರಿಗೆ ನಾನು ಅಲ್ಲಿದ್ದಾಗ ಆ ಮನೆಯ ಯಜಮಾನರು ಪ್ರತಿವರ್ಷ ತಪ್ಪದೆ ಮೊದಲ ವಾರದಲ್ಲಿಯೇ ಬಂದು ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಹೋಗುತ್ತಿದ್ದರು. ಆ ಪುಸ್ತಕದ ಹಿಂದಿದ್ದ ರೇಡಿಯೋವನ್ನು ಕಂಡದ್ದು ಮಾತ್ರ ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಗದಗಿಗೆ ತಂದು ಬಿಸಿಲಿಗೆ ಹಿಡಿದು ನೋಡಿದೆ. ಸೊಗಸಾದ ಪೆಟ್ಟಿಗೆ, ಒಂದೇ ಕುಂದು. ನೆತ್ತಿಯ ಬಲಭಾಗದಲ್ಲಿ ಅಂಗೈಯಗಲದ ಬಿಳಿಯ ಉಂಗುರ. ಹಸಿಯಾದ ಪಾತ್ರೆಯನ್ನು ಅದೇ ಜಾಗದಲ್ಲಿ ವರ್ಷಗಟ್ಟಲೆ ಇಟ್ಟುದರ ಗುರುತು.

ಸಾಮಾನ್ಯ ಉಂಗುರವಾದರೆ ಸ್ಪಿರಿಟ್ ತಾಗಿಯೂ ತಾಗದಂತಿರುವ ಅರಿವೆಯನ್ನು ಹಗುರವಾಗಿ ಆಡಿಸಿದರೆ ಮಾಯವಾಗುತ್ತದೆ. ಇದು ಮಾಯವಾಗಲಿಲ್ಲ; ಮಂಕಾಯಿತಷ್ಟೆ. ಅಲ್ಲಿಗೆ ನಿಲ್ಲಿಸಬೇಕಾಗಿದ್ದಿತು. ಆದರೆ ಆ ಹೊತ್ತಿಗೆ ನಾನು ಹತ್ತಿಪ್ಪತ್ತು ಪೆಟ್ಟಿಗೆ ಮುಗಿಸಿದವನು, ಹುಬ್ಬಳ್ಳಿಯಿಂದ ವಿದ್ಯುತ್ತಿನ ಉಜ್ಜುವ ಯಂತ್ರವನ್ನೂ ತಂದಿದ್ದೆ. ಬಡಿಗರು ಪಾಲೀಶ್ ಪೇಪರ್ ಎನ್ನುವ ಉಸುಕಿನ ಕಾಗದವನ್ನು ಅದಕ್ಕೆ ಸಿಕ್ಕಿಸಿ ನೆತ್ತಿಯ ಮೇಲೆ ಹಿಡಿದೆ. ಉಂಗುರ ಹೋಯಿತು. ಹಿಗ್ಗಿನಿಂದ ಇನ್ನೊಂದು ಕ್ಷಣ ಹಿಡಿದೆ. ಆ ಕ್ಷಣದಲ್ಲಿ ಅಂಚಿನ ಹತ್ತಿರ, ನಾಲ್ಕು ಬೆರಳಿನಗಲ, ವಿನಿಯರಿನ ಪದರು ಹರಿದು ಕೆಳಗಿನ ಪ್ಲೈವುಡ್ಡಿನ ಅಡ್ಡಗೆರೆಗಳು ಬಾಯಿ ತೆರೆದವು. ಯಂತ್ರ ನಿಲ್ಲಿಸಿದೆ. ಮನೆಯಲ್ಲಿ ಯಾರೂ ಇರಲಿಲ್ಲವಾದರೂ ಬಾಗಿಲ ಕಡೆಗೆ ನೋಡಿದೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಮುಂಜಾನೆ ಬಸ್ಸು ಹಿಡಿದು ಶಿರಹಟ್ಟಿಗೆ ಹೋದೆ. ಅಜ್ಜ ಬೈಯಲಿಲ್ಲ. ಹಳೆಯ ಕಪಾಟೊಂದರಿಂದ ತೆಗೆದಿಟ್ಟಿದ್ದ ಪದರಿನ ತುಂಡು ಹುಡುಕಿ ಕೊಟ್ಟು, ಗೆರೆಗೆ ಗೆರೆ ಕೂಡುವಂತೆ ಕೊರೆದು ಕೂರಿಸುವುದನ್ನು ತೋರಿಸಿದರು. ಎರಡು ವಾರ ಹಿಡಿಯಿತು. ಬಣ್ಣ ಕೂಡಿಸಿ, ಅರಗು ಏರಿಸಿದ ಮೇಲೆ ಬಲ್ಲವರಿಗಲ್ಲದೆ ಬೇರೆಯವರಿಗೆ ಗೊತ್ತಾಗದಷ್ಟು ಚೆನ್ನಾಗಿಯೇ ಆಯಿತು. ಆದರೂ ಮರೆಮಾಚಿ ಕೊಡುವುದು ಬೇಡವೆಂದು ನಿಶ್ಚಯಿಸಿ, ಏನೇನು ಹೇಳಬೇಕೆಂಬುದನ್ನು ಮುಂಡರಗಿಯವರೆಗೂ ಬಸ್ಸಿನಲ್ಲಿ ಮನಸ್ಸಿನಲ್ಲಿಯೇ ಬಾಯಿಪಾಠ ಮಾಡುತ್ತ ಹೋದೆ.

ಅಜ್ಜಿ ಪಡಸಾಲೆಯಲ್ಲಿ ಕುಳಿತಿದ್ದರು. ಪೆಟ್ಟಿಗೆಯನ್ನು ಮುಂದಿಟ್ಟು, ಅಂಚಿನ ತೇಪೆಯನ್ನು ಬೆರಳಿಟ್ಟು ತೋರಿಸಿ, ನನ್ನಿಂದ ತಪ್ಪಾಯಿತು, ಹಣ ಬೇಡ ಎಂದೆ. ಅವರು ತೇಪೆಯ ಕಡೆಗೆ ನೋಡಲೂ ಇಲ್ಲ. ಬಲಗೈಯಿಂದ ನೆತ್ತಿಯ ಮೇಲೆ ಸವರುತ್ತ ಸವರುತ್ತ ಒಂದು ಜಾಗಕ್ಕೆ ಬಂದು ನಿಂತು, "ಅಲ್ರೀ ಸಾಹೇಬ್ರ, ಇಲ್ಲೊಂದು ತಂಬಗಿ ಗುರ್ತು ಇತ್ತಲ್ರೀ, ಅದೆಲ್ಲಿ ಹೋತು?" ಎಂದರು.

ನಾನು ತೆಗೆದೆ ಎಂದೆ.

"ಮುಂಜಾನೆದ್ದು ವಾರ್ತಾ ಕೇಳ್ಕೋತ ನೀರು ಕುಡಿಯೂ ರೂಢಿ ಅವರಿಗೆ. ಅಲ್ಲಿ ಇಡಬ್ಯಾಡ್ರಿ, ಕಲಿ ಬೀಳತೈತಿ ಅಂತ ನಾ ದಿನಾ ಜಗಳಾ ಮಾಡತಿದ್ದೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇರ್ಲಿ ಬಿಡ್ರೀ. ಚೊಲೋ ಮಾಡೀರಿ. ಭಾಳ ಮಿಂಚತೈತಿ" ಎಂದು ಸೊಸೆಗೆ ಚಹಾ ತರಲು ಹೇಳಿದರು. ಚಹಾ ಕುಡಿದು ಎದ್ದುಬಂದೆ. ಹಣವನ್ನು ಮೊಮ್ಮಗ ಬಲವಂತದಿಂದ ನನ್ನ ಜೇಬಿಗೆ ತುರುಕಿದರು. ಅದನ್ನು ತಿರುಗಿ ಅವರ ಕಟ್ಟೆಯ ಮೇಲಿಟ್ಟು ಬಂದೆ. ಎಷ್ಟು ಪದರು ಅರಗು ಏರಿಸಿದರೂ ಆ ಉಂಗುರವನ್ನು ಅಲ್ಲಿ ಮತ್ತೆ ಮೂಡಿಸಲು ಬರುವುದಿಲ್ಲ. ತಂಬಿಗೆ ಇಟ್ಟು ಮೂಡಿಸಬಹುದಷ್ಟೆ. ಅದು ನನ್ನ ತಂಬಿಗೆಯಾಗುತ್ತದೆ.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಯಾವ ಪೆಟ್ಟಿಗೆ ಬಂದರೂ ಮನೆಯ ಹಿರಿಯರೊಬ್ಬರು ಜೊತೆಗೆ ಬರಬೇಕು, ಇಲ್ಲವೆ ನಾನೇ ಹೋಗಬೇಕು. ಅವರ ಕೈಗೆ ಸೀಮೆಸುಣ್ಣ ಕೊಟ್ಟು, ಯಾವುದು ಇರಬೇಕೋ ಅದರ ಸುತ್ತ ಗೆರೆ ಎಳೆಯಿರಿ ಎನ್ನುತ್ತೇನೆ. ಕೆಲವರು ನಗುತ್ತಾರೆ, ಏನೂ ಬೇಡ, ಫಳಫಳ ಹೊಳೆಯಬೇಕು ಎನ್ನುವವರೂ ಇದ್ದಾರೆ. ಅದೂ ಅವರ ಹಕ್ಕು. ಆದರೆ ಸೀಮೆಸುಣ್ಣ ಹಿಡಿದು ಬಹಳ ಹೊತ್ತು ಸುಮ್ಮನೆ ನಿಲ್ಲುವವರೇ ಹೆಚ್ಚು. ಉಜ್ಜುವ ಯಂತ್ರವನ್ನು ಬಾಗಿಲು ಮಾಡುವ ಒಬ್ಬರಿಗೆ ಅರ್ಧ ಬೆಲೆಗೆ ಕೊಟ್ಟುಬಿಟ್ಟೆ. ಶಿರಹಟ್ಟಿಯ ಅಜ್ಜ 2020ರಲ್ಲಿ ಲಿಂಗೈಕ್ಯರಾದರು. ಅವರ ಪಾಲೀಶಿನ ಶೀಶೆಯೂ, ಗಟ್ಟಿಯಾಗಿ ಕಲ್ಲಿನಂತಾದ ಒಂದು ಅರಿವೆಯ ಉಂಡೆಯೂ ನನ್ನ ಬಳಿ ಇವೆ.

ಇಷ್ಟು ವರ್ಷಗಳಾದರೂ ನಮ್ಮ ಮನೆಯ ಮರ್ಫಿಯನ್ನು ಮಾತ್ರ ಮುಟ್ಟಿರಲಿಲ್ಲ. ಮೊದಲು ಕೈ ಕುದುರಲಿ ಎಂದು. ಮುಂಡರಗಿಯ ನಂತರ ಅಂಜಿಕೆಯಿಂದ. ಈ ಸಲದ ಬೇಸಗೆಯಲ್ಲಿ ಧೈರ್ಯ ಮಾಡಿ ಲಕ್ಷ್ಮೇಶ್ವರದ ಅಟ್ಟದಿಂದ ಇಳಿಸಿ, ಪಡಸಾಲೆಯಲ್ಲಿಟ್ಟು, ನನ್ನ ಅಕ್ಕನನ್ನು ಕರೆಸಿದೆ. ನನಗಿಂತ ಆರು ವರ್ಷ ಹಿರಿಯಳು. ಮನೆಯ ಹಳೆಯದನ್ನು ಬಲ್ಲವರಲ್ಲಿ ಉಳಿದವಳು ಅವಳೊಬ್ಬಳೇ. ನನ್ನ ಪದ್ಧತಿಯಂತೆ ಅವಳ ಕೈಗೆ ಸೀಮೆಸುಣ್ಣ ಕೊಟ್ಟೆ.

ಗಾಜಿನ ಕೆಳಗಿನ ಕಟ್ಟಿಗೆಯ ಅಂಚಿನಲ್ಲಿ ಸೀಸಕಡ್ಡಿಯ ಒಂದು ಸಣ್ಣ ಗೀಟನ್ನು ತೋರಿಸಿದಳು. ಅಪ್ಪ ಧಾರವಾಡ ಕೇಂದ್ರವನ್ನು ಕತ್ತಲೆಯಲ್ಲಿಯೂ ಹುಡುಕಲೆಂದು ಎಳೆದ ಗೀಟು. ನಾನು ಅದನ್ನು ಬಿರುಕೆಂದುಕೊಂಡಿದ್ದೆ. ಎಡ ಮೂಲೆಯಲ್ಲಿ ಬೂದಿ ಬಣ್ಣದ ಮೂರು ಗೆರೆಗಳು. ನನಗೆ ಧೂಳಿನಂತೆ ಕಂಡುವು. ಪ್ರತಿವರ್ಷ ಖಂಡೆ ಪೂಜೆಯ ದಿನ ಅವ್ವ ಅದೇ ಜಾಗದಲ್ಲಿ ವಿಭೂತಿ ಹಚ್ಚುತ್ತಿದ್ದಳಂತೆ. ಒದ್ದೆ ವಿಭೂತಿ ಒಣಗಿ ಒಣಗಿ ಲ್ಯಾಕರಿನೊಳಗೆ ಇಳಿದುಬಿಟ್ಟಿದೆ. ಎರಡರ ಸುತ್ತಲೂ ಅಕ್ಕ ಗೆರೆ ಎಳೆದಳು.

ನೆತ್ತಿಯ ನಡುವೆ ರೂಪಾಯಿಯಷ್ಟಗಲದ ಒಂದು ಸುಟ್ಟ ಕಲೆಯಿದೆ. ಸೀಮೆಸುಣ್ಣ ಅಲ್ಲಿಗೆ ಬಂದು ನಿಂತಿತು. ಗೆರೆ ಎಳೆಯಲಿಲ್ಲ. "ಇದು ಗೊತ್ತೇನು ನಿನಗ?" ಎಂದಳು. ನನಗೆ ಗೊತ್ತಿರಲಿಲ್ಲ. ನಾನು ಎಂಟು ಒಂಬತ್ತು ವರ್ಷದವನಿದ್ದಾಗ, ಒಂದು ರಾತ್ರಿ ಗಾಜಿನ ಮೇಲಿನ ಊರುಗಳ ಹೆಸರು ಓದಬೇಕೆಂದು ಎಣ್ಣೆಯ ಚಿಮಣಿಯನ್ನು ತಂದು ರೇಡಿಯೋದ ಮೇಲಿಟ್ಟೆನಂತೆ. ಚಿಮಣಿ ಉರುಳಿತು. ಅಪ್ಪ ಬರುವಷ್ಟರಲ್ಲಿ ಅವಳು ಅರಿವೆಯಿಂದ ಒರೆಸುತ್ತ ನಿಂತಿದ್ದಳು. ನಾನು ಅವ್ವನ ಹಿಂದೆ ಅಡಗಿದ್ದೆ.

"ಮಾಡಿದಾಂವ ನೀ. ಹೊಡತ ತಿಂದಾಕಿ ನಾ" ಎಂದಳು. ಅರವತ್ತು ವರ್ಷ ದಾಟಿದ ಮಾತು. ನಗುತ್ತಲೇ ಅಂದಳಾದರೂ ಸೀಮೆಸುಣ್ಣ ಕೈಯಲ್ಲಿಯೇ ಇದ್ದಿತು. ನಾನು ಅವಳ ಕೈಯಿಂದ ಅದನ್ನು ತೆಗೆದುಕೊಂಡು ಆ ಕಲೆಯ ಸುತ್ತ ಗೆರೆ ಎಳೆಯಲು ಹೋದೆ. ಅವಳು ಕೈ ಹಿಡಿದಳು.

"ಉಳದದ್ದೆಲ್ಲಾ ಹಂಗ ಇರ್ಲಿ. ಇದೊಂದು ತಗದುಬಿಡಪಾ" ಎಂದಳು.

ಬೆಂಕಿಯ ಕಲೆ ಮೇಲಿನ ಹೊಳಪಿನಲ್ಲಿಲ್ಲ, ಕಟ್ಟಿಗೆಯ ಪದರಿನಲ್ಲಿಯೇ ಇಳಿದಿದೆ. ಒರೆಸಿದರೆ ಹೋಗುವಂಥದಲ್ಲ. ತೆಗೆಯಬೇಕಾದರೆ ಆ ರೂಪಾಯಿಯಗಲದ ತುಂಡನ್ನೇ ಕೊರೆದು ಬೇರೆ ಪದರು ಕೂರಿಸಬೇಕು. ಅಜ್ಜ ಕೊಟ್ಟ ತುಂಡಿನಲ್ಲಿ ಉಳಿದದ್ದು ಅಷ್ಟಕ್ಕೆ ಸಾಕಾಗುತ್ತದೆ, ಅಳೆದು ನೋಡಿದ್ದೇನೆ. ಅಕ್ಕ ದೀಪಾವಳಿಗೆ ಬರುತ್ತೇನೆಂದು ಹೇಳಿ ಹೋಗಿದ್ದಾಳೆ. ಪೆಟ್ಟಿಗೆಯ ಹೊಲಸು ತೆಗೆದಾಗಿದೆ, ಗೀಟೂ ವಿಭೂತಿಯೂ ಹಾಗೆಯೇ ಇವೆ. ಮಳೆಗಾಲ ಮುಗಿಯುವವರೆಗೆ ಪಾಲೀಶು ಹೇಗೂ ಆಗದು.